ಪೊಂಡೋಕ್: ಕಡಲಾಚೆಯ ಊರಮನೆ

ಇಂಡೋನೇಷ್ಯದ ಜಾವಾ ದ್ವೀಪದಿಂದ ಉತ್ತರಕ್ಕೆ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ನಡುಗಡಲಲ್ಲಿ ಬವೇಯನ್ ಎಂಬ ಪುಟ್ಟ ದ್ವೀಪವಿದೆ. ಗಂಡಸರು ದುಡಿಮೆಗಾಗಿ ಹಡಗು ಹತ್ತಿ, ಊರಲ್ಲಿ ಹೆಂಗಸರೇ ಹೆಚ್ಚಾಗಿ ಉಳಿಯುತ್ತಿದ್ದುದರಿಂದ ಇದಕ್ಕೆ 'ಹೆಣ್ಣುಮಕ್ಕಳ ದ್ವೀಪ' ಎಂಬ ಹೆಸರೂ ಬಂತು.

ಹಾಗೆ ಹೊರಟವರಲ್ಲಿ ಅನೇಕರ ಗುರಿ ಸಿಂಗಪುರ. ಅಲ್ಲಿ ಅವರನ್ನು 'ಬೋಯಾನೀಸ್' ಎಂದು ಕರೆದರು. 1849ರ ಜನಗಣತಿಯಲ್ಲಿ ಅವರ ಸಂಖ್ಯೆ 763. ಕುದುರೆ ಸಾಕಣೆ, ಗಾಡಿ ಹೊಡೆಯುವುದು, ಮುಂದೆ ಮೋಟಾರು ಚಾಲನೆ ಅವರ ಕಸುಬುಗಳಾದವು. ಮೆಕ್ಕಾ ಯಾತ್ರೆಯ ಖರ್ಚಿಗೆ ಹಣ ಕೂಡಿಸಲೆಂದೇ ಬಂದವರೂ ಇದ್ದರು.

ಭಾಷೆ ತಿಳಿಯದ, ಕೈಯಲ್ಲಿ ಕಾಸಿಲ್ಲದ ಯುವಕ ಬಂದರಿನಲ್ಲಿ ಇಳಿದರೆ ಹೋಗುವುದೆಲ್ಲಿಗೆ? ಉತ್ತರ ಸಿದ್ಧವಾಗಿತ್ತು: ಪೊಂಡೋಕ್. ಅರಬ್ಬಿಯಲ್ಲಿ ಛತ್ರ ಎಂಬ ಅರ್ಥವುಳ್ಳ 'ಫುಂದುಕ್' ಪದವೇ ಇದರ ಮೂಲವೆನ್ನುತ್ತಾರೆ. ಆದರೆ ಇದು ಬರಿಯ ಛತ್ರವಲ್ಲ. ಸಾಮಾನ್ಯವಾಗಿ ಒಂದೊಂದು ಹಳ್ಳಿಯವರಿಗೆ ಒಂದೊಂದು ಪೊಂಡೋಕ್. ಊರಿನ ಹೆಸರೇ ಮನೆಗೂ ಹೆಸರು. ಒಂಟಿ ಗಂಡಸರು ಒಂದೇ ಸೂರಿನಡಿ ಮಲಗುತ್ತಿದ್ದರು; ಸಂಸಾರಸ್ಥರಿಗೂ ಎಡೆಯಿತ್ತು. ಮನೆಗೊಬ್ಬ ಮುಖ್ಯಸ್ಥ, 'ಪಾಕ್ ಲುರಾ'. ಜಾವಾದಲ್ಲಿ ಲುರಾ ಎಂದರೆ ಊರ ಗೌಡ.

ದುಡಿಯುವವರೆಲ್ಲ ವಂತಿಗೆ ಕೊಡುತ್ತಿದ್ದರು. ಹೊಸಬನಿಗೆ ಕೆಲಸ ಸಿಗುವವರೆಗೆ ಆಸರೆ ಸಿಗುತ್ತಿತ್ತು. ಕೆಲಸ ಹುಡುಕಿಕೊಡುವುದೂ ಮೊದಲೇ ನೆಲೆನಿಂತವರ ಹೊಣೆ. ಕಾಯಿಲೆ, ಮದುವೆ, ಸಾವು ಯಾವುದೇ ಬರಲಿ, ಮನೆಮಂದಿಯೆಲ್ಲ ಹೆಗಲು ಕೊಡುತ್ತಿದ್ದರು. ಜಗಳಗಳು ಮುಖ್ಯಸ್ಥನ ಮುಂದೆ ತೀರ್ಮಾನವಾಗುತ್ತಿದ್ದವು. ಈ ಆಸರೆಗೆ ಬೆಲೆಯೂ ಇತ್ತು: ಮನೆಯ ಕಟ್ಟುಪಾಡಿಗೆ ಎಲ್ಲರೂ ತಲೆಬಾಗಬೇಕು. ಊರು ಬಿಟ್ಟು ಬಂದರೂ ಊರಿನ ಕಣ್ಣು ತಪ್ಪುತ್ತಿರಲಿಲ್ಲ.

1934ರಲ್ಲಿ ಸಿಂಗಪುರದ ಬವೇಯನ್ ಸಂಘ ಹುಟ್ಟಿತು. ಬೇರೆ ಬೇರೆ ಹಳ್ಳಿಗಳ ಮನೆಗಳಲ್ಲಿ ಹಂಚಿಹೋಗಿದ್ದ ಜನಕ್ಕೆ ಒಂದು ಸಮಾನ ವೇದಿಕೆ ದೊರಕಿತು.

1960ರಲ್ಲಿ ಸರ್ಕಾರದ ವಸತಿ ಮಂಡಳಿ ಸ್ಥಾಪನೆಯಾದ ಮೇಲೆ ಕಾಲ ಬದಲಾಯಿತು. ಹಳೆಯ ಕಟ್ಟಡಗಳು ನೆಲಸಮವಾದವು. ಕುಟುಂಬಗಳು ಬಹುಮಹಡಿ ವಸತಿಗಳಿಗೆ ಚದುರಿದವು. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ ಬಂತು. ಕ್ಲಬ್ ಸ್ಟ್ರೀಟಿನ 'ಪೊಂಡೋಕ್ ಪೆರಾನಾಕನ್ ಗೆಲಾಮ್' 2000ದವರೆಗೆ ಉಳಿದಿತ್ತು. ಅದು ತೆರವಾದ ಬಳಿಕ ಚಾರಿತ್ರಿಕ ಸ್ಥಳವೆಂಬ ಫಲಕ ಅಲ್ಲಿಗೆ ಬಂತು.

ಬ್ಯಾಂಕು, ವಿಮೆ, ಉದ್ಯೋಗ ಕಚೇರಿ ಇವು ಯಾವುವೂ ಬಡ ವಲಸಿಗನಿಗೆ ಎಟುಕದ ಕಾಲದಲ್ಲಿ, ಅವೆಲ್ಲದರ ಕೆಲಸವನ್ನು ಒಂದು ಮನೆ ಮಾಡಿತ್ತು. ಅದಕ್ಕಿದ್ದ ಬಂಡವಾಳ ಒಂದೇ: ಇವನು ನಮ್ಮೂರಿನವನು ಎಂಬ ನಂಬಿಕೆ.