ನರರೋಗವಿರುವ ಗರ್ಭಿಣಿಯರ ಹೆರಿಗೆ ವಿಧಾನ: ಉಡುಪಿ ಜಿಲ್ಲೆಯ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಫಿಟ್ಸ್ ಇರುವವಳು ಬಸುರಿಯಾದರೆ ಆಪರೇಶನ್ನೇ ಗತಿ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಅದಕ್ಕೆ ಆಧಾರವಿಲ್ಲ. ಮೂರ್ಛೆರೋಗವೊಂದೇ ಸಿಸೇರಿಯನ್‌ಗೆ ಕಾರಣವಲ್ಲ. ಈ ರೋಗವಿರುವವರಲ್ಲಿ ಹೆರಿಗೆ ನೋವಿನ ಹೊತ್ತಿಗೆ ಫಿಟ್ಸ್ ಬರುವುದು ಶೇ. 1ರಿಂದ 2ರಷ್ಟು ಮಂದಿಗೆ; ಹೆರಿಗೆಯ ನಂತರದ 24 ಗಂಟೆಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಮಂದಿಗೆ. ಅದನ್ನು ಕೆರಳಿಸುವುದು ಹೆಚ್ಚಾಗಿ ನಿದ್ದೆಗೇಡು, ನೋವು, ತಪ್ಪಿಹೋದ ಮಾತ್ರೆ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಬಟ್ಟೆಯ ಚೀಲ, ಫ್ಲಾಸ್ಕ್ ಎಲ್ಲ ಕಾರು ಹತ್ತುತ್ತವೆ, ರಾತ್ರಿಯ ಲೆವೆಟಿರಾಸೆಟಮ್ ಮಾತ್ರೆ ಮನೆಯಲ್ಲೇ ಉಳಿಯುತ್ತದೆ. ಫಿಟ್ಸ್ ಮೇಲಿಂದ ಮೇಲೆ ಬಂದು ಹತೋಟಿಗೆ ಸಿಗದಿದ್ದರೆ ಸಿಸೇರಿಯನ್ನಿನ ಮಾತು ಬೇರೆ.

ಉಳಿದ ಕಾಯಿಲೆಗಳಲ್ಲೂ ರೋಗದ ಹೆಸರಿಗಿಂತ ಆ ಹೊತ್ತಿನ ಸ್ಥಿತಿಯೇ ಮುಖ್ಯ. ಮೈಯ ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಕಾಯಿಲೆಯಲ್ಲೂ ಗರ್ಭಕೋಶದ ಸ್ನಾಯು ಸೋಲುವುದಿಲ್ಲ. ಮುಕ್ಕುವ ಹಂತದಲ್ಲಿ ತಾಯಿ ಸುಸ್ತಾಗುತ್ತಾಳೆ, ಆಗ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ನೆರವು ಬೇಕಾಗಬಹುದು. ಬಿಪಿ ಏರಿದವರಿಗೆ ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ಮಯಸ್ತೇನಿಯಾ ಇರುವವರಿಗೆ ಉಸಿರು ಕಟ್ಟಿಸೀತು. ಎದೆಯ 6ನೇ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಪೆಟ್ಟಾದವರಿಗೆ ಹೆರಿಗೆ ನೋವು ತಿಳಿಯದೆಯೂ ಇರಬಹುದು, ಬಿಪಿ ಮಾತ್ರ ಒಮ್ಮೆಲೇ ಜಿಗಿಯಬಹುದು. ಅದನ್ನು ತಡೆಯಲು ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ (ಎಪಿಡ್ಯೂರಲ್) ಬೇಗನೆ ಕೊಟ್ಟರೆ ನಾರ್ಮಲ್ ಹೆರಿಗೆ ಸಾಧ್ಯ. ಮಿದುಳಿನ ಗಡ್ಡೆಯಿಂದ ತಲೆಯೊಳಗಿನ ಒತ್ತಡ ಏರಿದ್ದರೆ ಮುಕ್ಕುವುದೂ ಅಪಾಯ, ಬೆನ್ನಿಗೆ ಕೊಡುವ ಇಂಜೆಕ್ಷನ್ನೂ ಅಪಾಯ. ಪೂರ್ತಿ ಅರಿವಳಿಕೆಯ ಸಿಸೇರಿಯನ್ ಕಡೆ ವೈದ್ಯರು ವಾಲುವುದು ಇಂಥಲ್ಲಿ.

ಇಂಥ ನಿರ್ಧಾರ ಕೈಗೊಳ್ಳಬಲ್ಲ ತಜ್ಞರ ಕೊರತೆಯೇ ಉಡುಪಿ ಜಿಲ್ಲೆಯಲ್ಲಿ ದೊಡ್ಡದು ಎನ್ನಲಾರೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ನರರೋಗ, ನರಶಸ್ತ್ರಚಿಕಿತ್ಸೆ, ಪ್ರಸೂತಿ ಮೂರೂ ಒಂದೇ ಕಡೆ ಇವೆ. ಕಾಪುವಿನಿಂದ ಅದು ಸುಮಾರು 20 ಕಿ.ಮೀ., ಕಾರ್ಕಳದಿಂದ ಸುಮಾರು 35. ತೊಡಕು ಇರುವುದು ತವರಿನ ಹೆರಿಗೆಯಲ್ಲಿ. ಮದುವೆಯಾಗಿ ಮುಂಬೈ, ಬೆಂಗಳೂರು ಸೇರಿದವಳು ಬಯಕೆ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆ ಊರಿಗೆ ಬರುತ್ತಾಳೆ. ಎಂಆರ್‌ಐ, ಔಷಧದ ಚೀಟಿ ಗಂಡನ ಮನೆಯ ಕಪಾಟಿನಲ್ಲಿರುತ್ತವೆ. ನಡುರಾತ್ರಿ ನೋವು ಕಾಣಿಸಿಕೊಂಡಾಗ ಡ್ಯೂಟಿಯಲ್ಲಿರುವ ವೈದ್ಯರ ಕೈಯಲ್ಲಿ ಏನೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಸಿಸೇರಿಯನ್‌ಗೆ ಮುಂದಾಗುವ ವೈದ್ಯರನ್ನು ದೂರುವುದು ನ್ಯಾಯವಲ್ಲ.

ಆದ್ದರಿಂದ ಏಳನೇ ತಿಂಗಳಿಗೇ, ಊರಿಗೆ ಹೊರಡುವ ಮೊದಲೇ, ನರರೋಗ ಮತ್ತು ಪ್ರಸೂತಿ ತಜ್ಞರು ಮಾತಾಡಿಕೊಂಡು ರೋಗ, ಔಷಧ, ಕೊಡಬಾರದ ಔಷಧ, ಒಪ್ಪಿದ ಹೆರಿಗೆ ವಿಧಾನ ಇವಿಷ್ಟನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಡಬೇಕು. ಬರೆದಿಲ್ಲವಾದರೆ ಗರ್ಭಿಣಿಯೇ ಕೇಳಿ ಬರೆಸಿಕೊಳ್ಳಲಿ.