ಹೊಸ ಬ್ಯಾಟರಿಗೆ ಹಳೇ ಜಾತಕ



ಬೆಳಿಗ್ಗೆ ಆಫೀಸಿಗೆ ಹೊರಟಿದ್ದೀರಿ. ಮಕ್ಕಳು ಆಗಲೇ ಹಿಂದಿನ ಸೀಟು ಹಿಡಿದಾಗಿದೆ. ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಮತ್ತೇನಿಲ್ಲ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಗಾಡಿ ಆಟೋಮ್ಯಾಟಿಕ್! ಕೊನೆಗೆ ಅಂಗಡಿಯ ಹುಡುಗ ಬಂದು ಹೊಸ ಬ್ಯಾಟರಿ ಕೂರಿಸುತ್ತಾನೆ. ಎಂಜಿನ್ ಗುರ್ ಎನ್ನುತ್ತದೆ. ನೀವು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಆತ ಕೇಳುತ್ತಾನೆ: "ಸಾಬ್, ಕೋಡಿಂಗ್ ಭೀ ಕರ್‌ನಾ ಪಡೇಗಾ."

ಬ್ಯಾಟರಿಗೆಂಥ ಕೋಡಿಂಗು? ದುಡ್ಡು ಕೀಳುವ ಹೊಸ ದಾರಿಯೇ? ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, 1859ರ ಫ್ರಾನ್ಸಿಗೆ.

ಆ ವರ್ಷ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಅದಕ್ಕೆ ಮೊದಲಿನ ಬ್ಯಾಟರಿಗಳು ಒಮ್ಮೆ ಖಾಲಿಯಾದರೆ ಮುಗಿಯಿತು. ಪ್ಲಾಂಟೆಯದು ಹಾಗಲ್ಲ, ವಿದ್ಯುತ್ ಹರಿಸಿದರೆ ಮತ್ತೆ ತುಂಬಿಕೊಳ್ಳುತ್ತಿತ್ತು. 1881ರಲ್ಲಿ ಅದೇ ದೇಶದ ಕಾಮಿಲ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಶಕ್ತಿ ಹೆಚ್ಚಿಸಿದ. ನಿಮ್ಮ ಬಾನೆಟ್ಟಿನ ಕೆಳಗಿರುವ ಬ್ಯಾಟರಿ ಇವತ್ತಿಗೂ ಇದೇ ವಂಶದ್ದು. ಸುಮಾರು ಎರಡೆರಡು ವೋಲ್ಟಿನ ಆರು ಕೋಣೆಗಳು ಸೇರಿ 12 ವೋಲ್ಟ್.

1899ರಲ್ಲಿ ಕಾಮಿಲ್ ಜೆನಾಟ್ಜಿ ಎಂಬ ಬೆಲ್ಜಿಯಂ ಸಾಹಸಿ ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ್ದು ಬ್ಯಾಟರಿ ಕಾರಿನಲ್ಲೇ. ಪೆಟ್ರೋಲ್ ಗಾಡಿಗಳ ಕಷ್ಟವೇ ಬೇರೆ. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ನಮ್ಮ ಅಂಬಾಸಿಡರ್ ಕಾಲದ ಹಿರಿಯರಿಗೆ ಆ ಹ್ಯಾಂಡಲ್ಲಿನ ಪರಿಚಯ ಚೆನ್ನಾಗಿಯೇ ಇದೆ.

ಈ ಕಷ್ಟ ಬಿಡಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟಾರ್ ಜೋಡಿಸಿದ್ದ. ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಎಂಜಿನ್ ಎಬ್ಬಿಸುವುದೂ ಅಂಥದೇ ಕೆಲಸ. 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಆತನ ಸೆಲ್ಫ್ ಸ್ಟಾರ್ಟರ್ ಬಂತು. ಎಂಜಿನ್ ಎದ್ದ ಮೇಲೆ ಅದೇ ಯಂತ್ರ ಜನರೇಟರಾಗಿ, ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ವಾಪಸು ತುಂಬುತ್ತಿತ್ತು.

ನಮ್ಮ ಕಥೆಯ ಗಂಟು ಇರುವುದೇ ಇಲ್ಲಿ. ಅಂದಿನಿಂದ ಬ್ಯಾಟರಿಗೆ ಊಟ ಬಡಿಸುವುದು ಕಾರಿನ ಕೆಲಸವಾಯಿತು. ಎಷ್ಟು ಬಡಿಸಬೇಕು? ಕಡಿಮೆಯಾದರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಶಕ್ತಿ ಕುಂದುತ್ತದೆ. ಹೆಚ್ಚಾದರೆ ಒಳಗಿನ ನೀರು ಒಡೆದು ಅನಿಲವಾಗಿ ಹೋಗುತ್ತದೆ. ಡೈನಮೋ ಕಾಲದಲ್ಲಿ ಈ ಲೆಕ್ಕ ನೋಡುತ್ತಿದ್ದದ್ದು ಒಂದು ಪುಟ್ಟ ರೆಗ್ಯುಲೇಟರ್ ಡಬ್ಬಿ. 1960ರಲ್ಲಿ ಕ್ರೈಸ್ಲರ್ ಕಂಪನಿ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿತು, ಬರಬರುತ್ತಾ ಎಲ್ಲರೂ ಹಾಕಿದರು. ಅದು ಹೆಚ್ಚುಕಡಿಮೆ 14 ವೋಲ್ಟಿನಲ್ಲಿ ಎಲ್ಲ ಬ್ಯಾಟರಿಗೂ ಒಂದೇ ಊಟ ಬಡಿಸುತ್ತಿತ್ತು. ಹೊಸದೋ ಹಳೆಯದೋ ಎಂದು ಕೇಳುತ್ತಿರಲಿಲ್ಲ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳನ್ನು ನೆನಪಿಸಿಕೊಳ್ಳಿ. ಆ ಕಪ್ಪು-ಹಳದಿ ಗಾಡಿಗಳು 2023ರ ಅಕ್ಟೋಬರ್ ತನಕ ಓಡಿದವು. ಅವುಗಳ ಬ್ಯಾಟರಿ ಬದಲಿಸಲು ಒಂದು ಸ್ಪ್ಯಾನರ್, ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್ ಇದ್ದರೆ ಸಾಕಾಗಿತ್ತು.

ಬ್ಯಾಟರಿಯ ಜೊತೆ ಕೋಡ್ ಎಂಬ ಮಾತು ಅನೇಕರ ಕಿವಿಗೆ ಮೊದಲು ಬಿದ್ದದ್ದು ನಮ್ಮ ರೇಡಿಯೋದಿಂದಲೇ. 1990ರ ದಶಕದ ಕೆಲವು ಕಾರುಗಳಲ್ಲಿ ಬ್ಯಾಟರಿ ಕಳಚಿದರೆ ರೇಡಿಯೋ ಮೂಕವಾಗಿ ರಹಸ್ಯ ಸಂಖ್ಯೆ ಕೇಳುತ್ತಿತ್ತು. ಅದು ಕಳ್ಳರಿಗೆ ಹಾಕಿದ ಬೀಗ. ಈಗಿನ ಕೋಡಿಂಗ್ ಬೇರೆಯೇ.

2000ರ ದಶಕದಲ್ಲಿ ಬಿಎಂಡಬ್ಲ್ಯೂ ಮುಂತಾದ ಕಾರುಗಳ ಬ್ಯಾಟರಿ ತಂತಿಗೆ ಒಂದು ಸೆನ್ಸರ್ ಬಂದು ಕೂತಿತು. ಒಳಹೋಗುವ, ಹೊರಬರುವ ಕರೆಂಟು, ವೋಲ್ಟೇಜು, ಶಾಖ ಎಲ್ಲವನ್ನೂ ಅದು ಲೆಕ್ಕ ಇಡುತ್ತದೆ. ಬ್ಯಾಟರಿಗೆ ವಯಸ್ಸಾದಂತೆ ಕಂಪ್ಯೂಟರ್ ತನ್ನ ಚಾರ್ಜಿಂಗ್ ಕ್ರಮವನ್ನೂ ಬದಲಿಸುತ್ತದೆ. 2009ರಲ್ಲಿ ಯುರೋಪು ಹೊಸ ಕಾರುಗಳ ಇಂಗಾಲಾಮ್ಲ ಹೊಗೆಗೆ ಮಿತಿ ಹಾಕುವ ಕಾನೂನು ತಂದಿತು. ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಏಳುವ ಎಂಜಿನ್ನುಗಳು ಹೆಚ್ಚಾದವು. ಅವುಗಳ ಶ್ರಮ ತಾಳಲು, ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಎಜಿಎಂ ಬ್ಯಾಟರಿಗಳು ಬಂದವು. ಇವಕ್ಕೆ ಬೇಕಾದ ಪಥ್ಯವೇ ಬೇರೆ.

ಈಗ ಯೋಚಿಸಿ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಿರಿ, ಕಾರಿಗೆ ಹೇಳಲಿಲ್ಲ. ಅದರ ಕೈಯಲ್ಲಿರುವುದು ಹಳೇ ಬ್ಯಾಟರಿಯ ಜಾತಕ. ಮುದುಕನಿಗೆ ಮಾಡುತ್ತಿದ್ದ ಉಪಚಾರವನ್ನೇ ಯುವಕನಿಗೂ ಮಾಡುತ್ತದೆ. ಹೊಸ ಬ್ಯಾಟರಿ ಬೇಗ ಸೊರಗಬಹುದು, ಸ್ಟಾರ್ಟ್-ಸ್ಟಾಪ್ ಸುಮ್ಮನಾಗಬಹುದು. ಅದೇ ಜಾತಿಯ, ಅದೇ ಆಂಪಿಯರ್-ಅವರ್‌ನ ಬ್ಯಾಟರಿ ಹಾಕಿದರೆ ಹೊಸದು ಬಂದಿದೆ ಎಂದು ನೋಂದಾಯಿಸಿದರೆ ಸಾಕು. ಜಾತಿಯೋ ಸಾಮರ್ಥ್ಯವೋ ಬದಲಾದರೆ ಅದನ್ನೂ ತಿಳಿಸಬೇಕು. ಅದೇ ಕೋಡಿಂಗ್. ಆಡಿ, ಫೋಕ್ಸ್‌ವ್ಯಾಗನ್ ಗುಂಪಿನ ಕೆಲವು ಕಾರುಗಳು ಬ್ಯಾಟರಿಯ ಕ್ರಮಸಂಖ್ಯೆಯನ್ನೂ ಕೇಳುತ್ತವೆ.

ಹಾಗೆಂದು ಎಲ್ಲ ಗಾಡಿಗೂ ಇದು ಬೇಕಿಲ್ಲ. ಸೆನ್ಸರ್ ಇಲ್ಲದ ಸಾದಾ ಕಾರಿಗೆ ಕೋಡಿಂಗ್ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ, ಮೊದಲು ಕಾರಿನ ಕೈಪಿಡಿ ತೆಗೆದು ನೋಡಿ. ಬೇಕೆಂದಿದ್ದರೆ ಉಳಿತಾಯದ ಆಸೆಗೆ ಬಿಡಬೇಡಿ. ನಷ್ಟವಾಗಿರುವುದು ಸ್ಪ್ಯಾನರ್ ಒಂದನ್ನೇ ನಂಬಿದ್ದ ಬೀದಿ ಮೂಲೆಯ ಮೆಕ್ಯಾನಿಕ್ಕಿಗೆ. ಈಗ ಆತನಿಗೂ ಸ್ಕ್ಯಾನರ್ ಬೇಕು, ಅದನ್ನು ಓದುವ ವಿದ್ಯೆಯೂ ಬೇಕು. ಕಲಿತವರು ಉಳಿದಿದ್ದಾರೆ, ಅಂಥವರನ್ನು ಹುಡುಕಿಕೊಳ್ಳಿ.

ಇನ್ನೊಂದು ಮಾತು. ಬ್ಯಾಟರಿಯ ದೊಡ್ಡ ಶತ್ರು ಚಳಿಯಲ್ಲ, ಸೆಕೆ. ಚೆನ್ನೈ, ಹೈದರಾಬಾದಿನವರು ಇದನ್ನು ಗಮನಿಸಬೇಕು. ದೆಹಲಿಯ ಗಾಡಿ ಜನವರಿಯ ಮುಂಜಾನೆ ಏಳದಿದ್ದರೆ, ಪೆಟ್ಟು ಬಿದ್ದಿರುವುದು ಬಹುಪಾಲು ಜೂನ್ ತಿಂಗಳಲ್ಲೇ. ಚಳಿ ಆ ಗುಟ್ಟನ್ನು ಬಯಲು ಮಾಡಿತು, ಅಷ್ಟೇ.

ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ಮಾತ್ರ ಕೊಡಬೇಡಿ. ಅದನ್ನು ಬಯಲಲ್ಲಿ ಒಡೆದು ಕರಗಿಸಿದರೆ ಸೀಸದ ವಿಷ ಮೊದಲು ತಟ್ಟುವುದು ಸುತ್ತಲಿನ ಮಕ್ಕಳ ಮಿದುಳಿಗೆ. ನಮ್ಮ ದೇಶದಲ್ಲಿ 2001ರಲ್ಲೇ ಇದಕ್ಕೆ ನಿಯಮ ಬಂತು, 2022ರಲ್ಲಿ ಹೊಸ ನಿಯಮವೂ ಬಂದಿದೆ. ಹೊಸದು ಕೊಂಡ ಅಂಗಡಿಗೇ ಹಳೆಯದನ್ನು ಕೊಡಿ, ಬಿಲ್ಲಿನಲ್ಲಿ ಅದರ ಬೆಲೆ ಕಳೆದುಕೊಳ್ಳಿ.

ಮತ್ತೆ ಭೇಟಿಯಾಗೋಣ. ಅಲ್ಲಿಯ ತನಕ ಕಾರಿನಲ್ಲಿ ಕನ್ನಡ ಕೇಳುತ್ತಿರಿ. ಎಂಜಿನ್ ಆರಿಸಿ ತಾಸುಗಟ್ಟಲೆ ಮಾತ್ರ ಬೇಡ!