ಹಾನಗಲ್ಲ ಮಠದಿಂದ ಗದುಗಿನ ಪುಣ್ಯಾಶ್ರಮದವರೆಗೆ: ಸಮನ್ವಯ ಚಿಂತನೆಯ ಒಂದು ಸಾಂಸ್ಥಿಕ ಚರಿತ್ರೆ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೂ ಅವನ ಅಣ್ಣನಿಗೂ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಅಂದಿನ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಮಕ್ಕಳಿಗೆ ಒಂದೋ ಮನೆಯವರ ಹಂಗು, ಇಲ್ಲವೇ ಭಿಕ್ಷೆ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ಆ ಅಣ್ಣತಮ್ಮಂದಿರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಹೆಸರಾದ. ಈ ಕಥೆಯನ್ನು ನಾವು ಸಾಮಾನ್ಯವಾಗಿ ಭಕ್ತಿಯಿಂದ ಹೇಳುತ್ತೇವೆ, ಸಂಗೀತ ಚರಿತ್ರೆಯಲ್ಲೂ ಓದುತ್ತೇವೆ. ಅದನ್ನು ಸಂಸ್ಥೆಯೊಂದನ್ನು ಕಟ್ಟಿದ ಕಥೆಯಾಗಿ ಓದಿದವರು ವಿರಳ. ಈ ಲೇಖನದ ಪ್ರಯತ್ನ ಅದು.

ಕುಮಾರ ಸ್ವಾಮಿಗಳು ಹುಟ್ಟಿದ ಮರುವರ್ಷ, 1868ರಲ್ಲಿ, ಅಮೆರಿಕದಲ್ಲಿ ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ಹುಟ್ಟಿದರು. ಸಂಸ್ಥೆಗಳ ಒಳಗಿನ ಸಂಘರ್ಷ ತೀರಲು ಮೂರು ಬಗೆಗಳಿವೆ ಎಂಬುದು 1920ರ ದಶಕದ ಅವರ ಬರಹ, ಉಪನ್ಯಾಸಗಳ ಸಾರ. ಒಬ್ಬರು ಇನ್ನೊಬ್ಬರನ್ನು ಮಣಿಸುವುದು ಒಂದು. ಇಬ್ಬರೂ ಅಷ್ಟಷ್ಟು ಬಿಟ್ಟುಕೊಡುವುದು ಇನ್ನೊಂದು. ಇಬ್ಬರ ಬೇಡಿಕೆಯೂ ನೆರವೇರುವಂಥ ಹೊಸ ವ್ಯವಸ್ಥೆಯನ್ನು ಕಂಡುಕೊಳ್ಳುವುದು, ಅಂದರೆ ಸಮನ್ವಯ, ಮೂರನೆಯದು. ಟೊರಾಂಟೊದ ರಾಟ್‌ಮನ್ ಮ್ಯಾನೇಜ್‌ಮೆಂಟ್ ಶಾಲೆಯ ಡೀನ್ ಆಗಿದ್ದ ರೋಜರ್ ಮಾರ್ಟಿನ್ ಇದಕ್ಕೆ ಹತ್ತಿರದ ಚಿಂತನೆಯನ್ನು 2007ರಲ್ಲಿ ಪುಸ್ತಕವಾಗಿ ವಿಸ್ತರಿಸಿದರು, ಅದು ಎಂಬಿಎ ತರಗತಿಗಳ ಪಾಠವೂ ಆಯಿತು. ಫಾಲೆಟ್ ಬರೆಯುತ್ತಿದ್ದ ಕಾಲಕ್ಕೇ ಹಾನಗಲ್ಲ ಸೀಮೆಯ ಇಬ್ಬರು ಆ ಮೂರನೆಯ ಬಗೆಯನ್ನು ನಡೆಸಿ ತೋರಿಸುತ್ತಿದ್ದರೆಂಬುದು ನನ್ನ ವಾದ.

ಕುಮಾರ ಸ್ವಾಮಿಗಳು ಮುಂದೆ ನಿಂತು ಕಟ್ಟಿದ ವೀರಶೈವ ಮಹಾಸಭೆ 1904ರಲ್ಲಿ ಧಾರವಾಡದಲ್ಲಿ, ಶಿರಸಂಗಿ ಲಿಂಗರಾಜ ದೇಸಾಯರ ಅಧ್ಯಕ್ಷತೆಯಲ್ಲಿ ಮೊದಲ ಬಾರಿ ಸೇರಿತು. 1909ರಲ್ಲಿ ಬಾದಾಮಿ ಸಮೀಪದ ಮಲಪ್ರಭಾ ದಂಡೆಯಲ್ಲಿ ಶಿವಯೋಗಮಂದಿರ ಎದ್ದಿತು. ಮಠಗಳಿಗೆ ಊರೂರಲ್ಲಿ ಆಸ್ತಿಯೂ ಭಕ್ತರೂ ಇದ್ದರು, ಓದಿದ ಮಠಾಧಿಪತಿಗಳು ಕಡಿಮೆ. ಅದಕ್ಕೆ ಉತ್ತರವಾಗಿ ವಟುಗಳಿಗೆ ಸಂಸ್ಕೃತ, ಯೋಗ, ಸಂಗೀತ ಕಲಿಸುವ ಕೇಂದ್ರ ಹುಟ್ಟಿತು. ಗೋಶಾಲೆಯೂ ವಿಭೂತಿ ತಯಾರಿಕೆಯೂ ಅದೇ ಆವರಣದಲ್ಲಿದ್ದವು. ಸಾಧನೆ ಮತ್ತು ದುಡಿಮೆ ಒಂದೇ ಅಂಗಳದಲ್ಲಿ ನಡೆಯಬೇಕೆಂಬ ಈ ತಿಳಿವಳಿಕೆಯೇ ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಇನ್ನೂ ಧೈರ್ಯದ ರೂಪ ತಳೆಯಿತು.

ಗವಾಯಿಗಳ ಎದುರಿಗಿದ್ದ ಸಮಸ್ಯೆ ಒಂದಕ್ಕೊಂದು ತೊಡರಿಕೊಂಡಿತ್ತು. ಅಂಧ ಮಕ್ಕಳಿಗೆ, ಬಡವರಿಗೆ, ಅನಾಥರಿಗೆ ಸಂಗೀತ ಕಲಿಸಬೇಕು, ಶುಲ್ಕ ಕೇಳುವಂತಿಲ್ಲ. ಕಲಿಕೆಗೆ ವರ್ಷಗಟ್ಟಲೆ ತಾಲೀಮು ಬೇಕು, ಅಷ್ಟು ದಿನ ಊಟ ಹಾಕುವವರು ಯಾರು? ಒಂದೇ ಊರಲ್ಲಿ ನೆಲೆ ನಿಂತರೆ ಆ ಊರಿಗೆ ಭಾರ. ಮಕ್ಕಳನ್ನು ಊರೂರಿಗೆ ಕಳಿಸಿದರೆ ಪಾಠ ನಿಲ್ಲುತ್ತದೆ. ಅವರು ಪಾಠಶಾಲೆಯನ್ನೇ ಸಂಚಾರಿಯಾಗಿಸಿದರು. ಗುರು, ಶಿಷ್ಯರು, ವಾದ್ಯಗಳು ಎಲ್ಲವೂ ಕೂಡಿ ಊರಿಂದೂರಿಗೆ. ಬಿಡಾರ ಹೂಡಿದ ಊರು ಜೋಳ, ಬೇಳೆ ಕೊಟ್ಟಿತು, ಊರಿಗೆ ಹಾಡು, ಕೀರ್ತನೆ, ಪುರಾಣ ಸಿಕ್ಕವು. ಭಿಕ್ಷೆ ಬೇಡಬೇಕಾಗಿದ್ದ ಹುಡುಗ ಅದೇ ಜೋಳಿಗೆಯ ಮುಂದೆ ಕಲಾವಿದನಾಗಿ ಕುಳಿತ. ಕೊಡುವವರ ದೃಷ್ಟಿಯೂ ಇದರಿಂದ ಬದಲಾಯಿತೆಂಬುದನ್ನು ಹಣಕಾಸಿನ ಲೆಕ್ಕ ಮಾತ್ರ ಹಿಡಿದು ನೋಡುವವರು ಗಮನಿಸುವುದಿಲ್ಲ.

ನಾಟಕದ ನಿರ್ಧಾರ ಇದಕ್ಕಿಂತ ಕಠಿಣ. ಆ ಕಾಲದ ಉತ್ತರ ಕರ್ನಾಟಕದಲ್ಲಿ ಜನ ಟಿಕೀಟು ಕೊಂಡು ಸಂಗೀತ ಕೇಳುತ್ತಿದ್ದದ್ದು ಕಂಪನಿ ನಾಟಕದಲ್ಲಿ. ಗೌರವಸ್ಥ ಸಮಾಜಕ್ಕೆ ಕಂಪನಿ ಎಂದರೆ ಅನುಮಾನ, ಮಠದ ಆಶ್ರಯದವರಿಗಂತೂ ಅದು ದೂರದ ಮಾತು. ಗವಾಯಿಗಳು ಗುರು ಕುಮಾರ ಸ್ವಾಮಿಗಳ ಹೆಸರಿನಲ್ಲೇ ನಾಟಕ ಸಂಘ ಕಟ್ಟಿದರು. ಶಿಷ್ಯರಿಗೆ ರಂಗವೇ ಪಾಠಶಾಲೆ, ರಂಗದ ಗಲ್ಲೆಯೇ ದಾಸೋಹದ ಬಂಡವಾಳ. ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಶಿಷ್ಯ ಪುಟ್ಟರಾಜ ಗವಾಯಿಗಳು (ಅವರೂ ಹಾನಗಲ್ಲ ತಾಲ್ಲೂಕಿನವರೇ) ಈ ಸಂಘದಲ್ಲಿ ಸ್ತ್ರೀಪಾತ್ರ ಮಾಡಿದರು, ಮುಂದೆ ಸ್ವತಃ ನಾಟಕಗಳನ್ನು ಬರೆದರು. ಹಣ ತರುವ ಕೆಲಸ ಒಂದು ಕಡೆ, ಕಲಿಸುವ ಕೆಲಸ ಇನ್ನೊಂದು ಕಡೆ ಎಂದು ಪಂಚಾಕ್ಷರಿ ಗವಾಯಿಗಳು ವಿಂಗಡಿಸಲಿಲ್ಲ. ಇಂದಿನ ಅನೇಕ ಸೇವಾಸಂಸ್ಥೆಗಳು ಸೊರಗುವುದು ಈ ವಿಂಗಡಣೆಯಿಂದಲೇ.

ಸಂಗೀತದಲ್ಲೂ ಅದೇ ದಾರಿ. ಧಾರವಾಡದ ಕಡೆ ಹಿಂದೂಸ್ತಾನಿ ಬೇರೂರುತ್ತಿತ್ತು, ಮೈಸೂರು ಕಡೆ ಕರ್ನಾಟಕ ಸಂಗೀತದ ಬಲವಿತ್ತು. ಪಂಚಾಕ್ಷರಿ ಗವಾಯಿಗಳು ಎರಡನ್ನೂ ಕಲಿತು ಉಭಯಗಾನ ವಿಶಾರದರೆನಿಸಿದರು. ಎರಡನ್ನೂ ಬೆರೆಸಿ ಕಲಸುಮೇಲೋಗರ ಮಾಡಲಿಲ್ಲ. ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೆ ಕಲಿಯಬೇಕೆಂಬುದು ಇನ್ನೊಂದು ದೊಡ್ಡ ತೀರ್ಮಾನ. ಅಂಧರಿಗೆ ಪ್ರತ್ಯೇಕ ಶಾಲೆ ಕಟ್ಟಿದ್ದರೆ ಗಾಯಕ ಬಸವರಾಜ ರಾಜಗುರು (1917–1991) ಈ ಗುರುವಿನ ಶಿಷ್ಯರಾಗುತ್ತಿರಲಿಲ್ಲ, ಮುಂದಿನ ತಲೆಮಾರಿನಲ್ಲಿ ಗಾಯಕ ವೆಂಕಟೇಶಕುಮಾರರೂ ಆಶ್ರಮಕ್ಕೆ ಬರುತ್ತಿರಲಿಲ್ಲ. ಗುರುವಿನ ಬಾಯಿಂದ ಕಿವಿಗೆ ಬರುವ ಪಾಠದಲ್ಲಿ ಕಣ್ಣಿಲ್ಲದಿರುವುದು ಕೊರತೆಯಾಗಲಿಲ್ಲ.

ಕೊನೆಗೆ ಗದುಗಿನಲ್ಲಿ 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಎರಡೇ ವರ್ಷಕ್ಕೆ, 1944ರಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಒಬ್ಬ ಮಹಾಪುರುಷನ ಸುತ್ತ ಬೆಳೆದ ಬಹುಪಾಲು ಸಂಸ್ಥೆಗಳು ಇಲ್ಲೇ ಮುಗಿಯುತ್ತವೆ. ಮೂವತ್ತರ ಹರೆಯದ ಪುಟ್ಟರಾಜರು ಹೊಣೆ ಹೊತ್ತು 2010ರ ಸೆಪ್ಟೆಂಬರ್ 17ರಂದು ತೀರಿಕೊಳ್ಳುವವರೆಗೆ, 66 ವರ್ಷ ನಡೆಸಿದರು. ಪ್ರವಚನ, ಕಛೇರಿ, ಭಕ್ತರು ನೆರವೇರಿಸಿದ ನೂರಾರು ತುಲಾಭಾರ, ಎಲ್ಲವೂ ಆಶ್ರಮದ ಒಲೆಗೆ ಸೌದೆಯಾದವು. ಅವರಿಗೆ ಪದ್ಮಭೂಷಣ ಬಂದದ್ದು ಅದೇ 2010ರಲ್ಲಿ. ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಸಂಸ್ಥೆಯ ವರಮಾನ ಬಹುಮಟ್ಟಿಗೆ ಗುರುವಿನ ವ್ಯಕ್ತಿತ್ವದ ಮೇಲೆ ನಿಂತಿತ್ತು. ಸಮನ್ವಯದ ಜಾಣ್ಮೆ ವ್ಯಕ್ತಿಯಿಂದ ವ್ಯವಸ್ಥೆಗೆ ಎಷ್ಟು ಇಳಿದಿದೆ ಎಂಬುದು ಇಂಥ ಎಲ್ಲ ಸಂಸ್ಥೆಗಳಿಗೂ ಕೇಳಬೇಕಾದ ಪ್ರಶ್ನೆ.

ಈ ಸಮನ್ವಯ ಹಾನಗಲ್ಲಿಗೆ ಮಾತ್ರ ಸೀಮಿತವಾದ ಗುಣ ಎನಿಸುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಮುಸ್ಲಿಂ ತತ್ವಪದಕಾರ ಷರೀಫರು (1819–1889) ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ನವಾಬರ ಸವಣೂರಿನಲ್ಲೇ ಮಾಧ್ವ ಯತಿ ಸತ್ಯಬೋಧತೀರ್ಥರ ವೃಂದಾವನವಿದೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಶಿವಶರಣ ಏಕಾಂತದ ರಾಮಯ್ಯನ ನೆನಪಿನ ಜೊತೆಗೇ ತ್ರಿಪದಿಯ ಕವಿ ಸರ್ವಜ್ಞನ ಹೆಸರೂ ಉಳಿದಿದೆ. ಬೇರೆ ಬೇರೆ ಪಂಥಗಳು ಒಂದೇ ಸಂತೆ, ಒಂದೇ ಜಾತ್ರೆ ಹಂಚಿಕೊಂಡು ಬಾಳಿದ ನಾಡಿನಲ್ಲಿ ಕುಮಾರ ಸ್ವಾಮಿಗಳಂಥವರಿಗೆ ನೆಲ ಸಿದ್ಧವಾಗಿತ್ತು ಎನ್ನಬಹುದು.

ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಟೊರಾಂಟೊ, ಬಾಸ್ಟನ್‌ಗಳ ಕಂಪನಿಗಳ ಪ್ರಕರಣಗಳು ಪಾಠವಾಗುತ್ತವೆ. ಪುಣ್ಯಾಶ್ರಮದ ಪ್ರಕರಣವನ್ನೂ ಕನ್ನಡದಲ್ಲಿ ಬರೆಯಬೇಕು. ಹಳೆಯ ಜಮಾಖರ್ಚಿನ ಪುಸ್ತಕಗಳು, ನಾಟಕದ ಹ್ಯಾಂಡ್‌ಬಿಲ್ಲುಗಳು, ಬಿಡಾರಗಳ ಕಾಗದಪತ್ರಗಳು ಯಾರ ಮನೆಯಲ್ಲಿದ್ದರೂ ಅವನ್ನು ರದ್ದಿಗೆ ಹಾಕಬೇಡಿ. ಪುಟ್ಟರಾಜರೊಂದಿಗೆ ಊರೂರು ತಿರುಗಿದ ಶಿಷ್ಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಾವೇರಿ, ಗದಗ ಜಿಲ್ಲೆಗಳ ಸಂಶೋಧಕ ವಿದ್ಯಾರ್ಥಿಗಳು ಅವರ ಮಾತುಗಳನ್ನು ಈಗಲೇ ದಾಖಲಿಸಿಕೊಳ್ಳಬೇಕು.